ಲೆಕ್ಕಕ್ಕುಂಟು, ಆಟಕ್ಕಿಲ್ಲ

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ನಮ್ಮಲ್ಲಿ ಮನೆಮನೆಗೂ ಪರಿಚಿತವಾದುದು. ದೊಡ್ಡ ಹುಡುಗರ ಆಟಕ್ಕೆ ಹಟಹಿಡಿದು ಬಂದು ಸೇರಿಕೊಂಡ ಪುಟ್ಟ ತಮ್ಮನು ಓಡುತ್ತಾನೆ, ಕೂಗುತ್ತಾನೆ, ಬೀಳುತ್ತಾನೆ. ಆದರೆ ಅವನು ಗೆದ್ದರೂ ಸೋತರೂ ಎಣಿಸುವವರಿಲ್ಲ. ಈ ಗಾದೆಯನ್ನು ತಿರುಗಿಸಿ ನಿಲ್ಲಿಸಿದರೆ ಅದಕ್ಕೆ ಸರಿಯಾಗಿ ಒಪ್ಪುವ ವ್ಯಕ್ತಿಯೊಬ್ಬನುಂಟು. ಅವನೇ ರೆಫರಿ. ಅವನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಆಟಗಾರರಷ್ಟೇ ಓಡುತ್ತಾನೆ, ಆದರೆ ಚೆಂಡನ್ನು ಬುಟ್ಟಿಗೆ ಹಾಕುವ ಸುಖ ಅವನಿಗಿಲ್ಲ. ಗೆದ್ದವರು ಅವನನ್ನು ಮರೆಯುತ್ತಾರೆ, ಸೋತವರು ನೆನೆಯುತ್ತಾರೆ. ಆ ನೆನಪಿನಲ್ಲಿ ಪ್ರೀತಿಯಿರುವುದಿಲ್ಲವೆಂದು ಬೇರೆ ಹೇಳಬೇಕಾದುದಿಲ್ಲ.

ನಾನು ಅನೇಕ ವರ್ಷ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಸೀಟಿ ಹಿಡಿದು ನಿಂತವನು. ಆ ಕಾರಣದಿಂದ ಹೊರದೇಶದ ಕಾಲೇಜು ಪಂದ್ಯಗಳ ವೃತ್ತಾಂತವನ್ನೂ ಆಸ್ಥೆಯಿಂದ ಓದುವ, ನೋಡುವ ಅಭ್ಯಾಸ ಬೆಳೆದಿದೆ. ಆಟ ಕಾವೇರಿದಾಗ ಆಟಗಾರನು ಮರ್ಯಾದೆ ಮೀರಿದರೆ ರೆಫರಿಯಾದವನು ಏನು ಮಾಡತಕ್ಕದ್ದು? ಕಂಡೂ ಕಾಣದಂತಿರಬೇಕೋ, ಕಂಡದ್ದನ್ನೆಲ್ಲ ದಂಡಿಸಬೇಕೋ? ಈ ಪ್ರಶ್ನೆಯನ್ನು ಕುರಿತು ನನಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಈ ಆಟದ ಹುಟ್ಟಿನಲ್ಲಿಯೇ ಈ ಪ್ರಶ್ನೆಯೂ ಹುಟ್ಟಿತು. ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹೊರಗೆ ಆಡಲಾರದೆ ಬೇಸತ್ತ ಹದಿನೆಂಟು ತರುಣರಿಗಾಗಿ ಒಳಾಂಗಣದ ಆಟವೊಂದನ್ನು ಕಲ್ಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿದರು. ಗುರಿ ತಲೆಯ ಮೇಲಿದ್ದರೆ ಚೆಂಡನ್ನು ಬಲದಿಂದ ಬೀಸಿ ಪ್ರಯೋಜನವಿಲ್ಲ. ಚೆಂಡನ್ನು ಹಿಡಿದು ಓಡಕೂಡದೆಂದರೆ ಓಡುವವನನ್ನು ಕೆಡಹುವ ಪ್ರಮೇಯವಿಲ್ಲ. ಒರಟುತನವನ್ನು ಕಡಮೆ ಮಾಡಬೇಕೆಂಬುದೇ ಆ ಕಲ್ಪನೆಯ ಬೀಜ. ಹಾಗಿದ್ದರೂ ಮೊದಲ ದಿನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಡಿಕೊಂಡರೆಂದು ಅವರೇ ೧೯೩೯ರಲ್ಲಿ, ತಾವು ತೀರಿಕೊಂಡ ವರ್ಷದಲ್ಲಿ, ರೇಡಿಯೋದಲ್ಲಿ ಹೇಳಿಕೊಂಡರು.

೧೮೯೨ರ ಜನವರಿಯಲ್ಲಿ ಅಚ್ಚಾದ ಅವರ ಹದಿಮೂರು ನಿಯಮಗಳಲ್ಲಿ ಒಂದು ವಿಶೇಷವುಂಟು. ಆ ನಿಯಮಗಳ ಪ್ರಕಾರ ಪಂದ್ಯಕ್ಕೆ ಇಬ್ಬರು ಅಧಿಕಾರಿಗಳು. ರೆಫರಿಯೆಂಬವನು ಚೆಂಡಿಗೆ ನ್ಯಾಯಾಧಿಪತಿ: ಚೆಂಡು ಯಾರದು, ಗೆರೆಯ ಒಳಗೋ ಹೊರಗೋ, ಬುಟ್ಟಿಗೆ ಬಿದ್ದಿತೋ ಇಲ್ಲವೋ ಎಂಬುದು ಅವನ ಪಾಲು. ಅಂಪೈರೆಂಬವನು ಆಟಗಾರರಿಗೆ ನ್ಯಾಯಾಧಿಪತಿ: ತಳ್ಳಿದವನಾರು, ಎಳೆದವನಾರು, ಹೊಡೆದವನಾರು ಎಂದು ನೋಡುವುದು ಅವನ ಕೆಲಸ. ಇನ್ನೊಬ್ಬನಿಗೆ ನೋವುಮಾಡಬೇಕೆಂಬ ಉದ್ದೇಶ ಸ್ಪಷ್ಟವಾಗಿದ್ದರೆ ಅಂಥವನನ್ನು ಆಟ ಮುಗಿಯುವವರೆಗೆ ಹೊರಗೆ ಕಳುಹಿಸಲು ಅವನಿಗೆ ಅಧಿಕಾರವಿದ್ದಿತು; ಹೋದವನ ಜಾಗಕ್ಕೆ ಬೇರೊಬ್ಬನನ್ನು ಇಳಿಸುವಂತೆಯೂ ಇರಲಿಲ್ಲ.

ಈಗ ಈ ಎರಡು ಅಧಿಕಾರಗಳೂ ಕೂಡಿಹೋಗಿವೆ. ಅಮೆರಿಕದ ಕಾಲೇಜು ಪಂದ್ಯಗಳಲ್ಲಿ ಅಂಗಣದ ಮೇಲೆ ಮೂವರು ಅಧಿಕಾರಿಗಳಿರುತ್ತಾರೆ. ಮೂವರೂ ಎಲ್ಲವನ್ನೂ ನೋಡಬೇಕು. ಆದರೆ ಮನುಷ್ಯನ ಕಣ್ಣು ಸ್ವಭಾವವಾಗಿ ಚೆಂಡಿನ ಹಿಂದೆ ಓಡುತ್ತದೆ. ಚೆಂಡಿನ ನ್ಯಾಯ ಸುಲಭ. ಚೆಂಡು ಸುಳ್ಳು ಹೇಳುವುದಿಲ್ಲ, ಸಿಟ್ಟಾಗುವುದಿಲ್ಲ. ಆಟಗಾರನ ನ್ಯಾಯ ಕಷ್ಟ. ಕಷ್ಟವಾದುದನ್ನು ಬಿಟ್ಟು ಸುಲಭವಾದುದನ್ನು ಹಿಡಿಯುವುದರಿಂದಲೇ ಅನರ್ಥಗಳು ಬೆಳೆಯುತ್ತವೆಂಬುದು ನನ್ನ ನಂಬಿಕೆ.

ಸ್ಪ್ರಿಂಗ್‌ಫೀಲ್ಡಿಗೂ ನಮಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಆ ಸಂಸ್ಥೆಯಲ್ಲಿ ಓದಿ ಬಂದ ಹ್ಯಾರಿ ಕ್ರೋ ಬಕ್ ಎಂಬವರು ೧೯೨೦ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದರು. ದಕ್ಷಿಣದೇಶದ ಅನೇಕ ಡ್ರಿಲ್ ಮೇಷ್ಟರುಗಳು ಅಲ್ಲಿ ಕಲಿತು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದರು. ಹೀಗೆ ನಮ್ಮ ಕಾಲೇಜಿನ ಅಂಗಳದ ಎರಡು ಕಂಬಗಳಿಗೂ ಆ ಹಣ್ಣಿನ ಬುಟ್ಟಿಗಳಿಗೂ ಗುರುಪರಂಪರೆಯ ನಂಟುಂಟು.

ಇನ್ನು ದುರ್ವರ್ತನೆಯೆಂದರೆ ಯಾವುದು? ಎಲ್ಲ ಆವೇಶವೂ ದುರ್ವರ್ತನೆಯಲ್ಲ. ಕೈತಪ್ಪಿದ ಚೆಂಡಿಗಾಗಿ ತನ್ನ ಹಣೆಯನ್ನೇ ಬಡಿದುಕೊಳ್ಳುವ ಹುಡುಗನಿದ್ದಾನೆ. ಬುಟ್ಟಿ ಬಿದ್ದೊಡನೆ ಗೆಳೆಯನನ್ನು ತಬ್ಬಿಕೊಂಡು ಕೂಗುವವನಿದ್ದಾನೆ. ಸೀಟಿ ಊದಿದಾಗ ‘ಅಯ್ಯೋ’ ಎಂದು ಆಕಾಶ ನೋಡುವವನಿದ್ದಾನೆ. ಇವರನ್ನು ದಂಡಿಸುವ ರೆಫರಿ ಯೌವನವನ್ನೇ ದಂಡಿಸಿದಂತಾಗುತ್ತದೆ. ಆವೇಶವು ಆಟದ ಕಡೆಗೋ ತನ್ನ ಕಡೆಗೋ ತಿರುಗಿರುವವರೆಗೆ ಅದು ಕ್ಷಮ್ಯ. ಇನ್ನೊಬ್ಬ ಮನುಷ್ಯನ ಕಡೆಗೆ ತಿರುಗಿದ ಗಳಿಗೆಯಲ್ಲಿ ಅದರ ಜಾತಿಯೇ ಬೇರೆಯಾಗುತ್ತದೆ. ಬಿದ್ದವನ ಮೇಲೆ ಬಾಗಿ ನಿಂತು ದುರುಗುಟ್ಟುವುದು, ಎದುರಾಳಿಯ ಬೆಂಚಿನತ್ತ ತಿರುಗಿ ಹಂಗಿಸುವುದು, ಕಿವಿಯ ಬಳಿ ಕೀಳುಮಾತು ಉಸಿರುವುದು—ಇವುಗಳಲ್ಲಿ ರಕ್ತ ಸುರಿಯುವುದಿಲ್ಲ. ಆದರೆ ಸುರಿಯುವ ರಕ್ತಕ್ಕೆ ಮೊದಲ ಹನಿ ಇವೇ.

ಇದು ಬರಿಯ ಉಪದೇಶವಲ್ಲವೆಂಬುದಕ್ಕೆ ಅಮೆರಿಕದ ಕಾಲೇಜು ಆಟದ ಚರಿತ್ರೆಯಲ್ಲಿ ಸಾಕ್ಷಿಗಳುಂಟು. ೧೯೭೨ರ ಜನವರಿ ೨೫ರಂದು ಮಿನಿಯಾಪೊಲಿಸ್ ನಗರದಲ್ಲಿ ಮಿನೆಸೋಟ ಮತ್ತು ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯಗಳ ನಡುವೆ ಪಂದ್ಯ ನಡೆಯಿತು. ವಿರಾಮಕ್ಕೆ ತಂಡಗಳು ಹೊರಡುತ್ತಿದ್ದಾಗ ಓಹಾಯೋದ ಲ್ಯೂಕ್ ವಿಟ್ಟಿಯ ಮೊಳಕೈ ಮಿನೆಸೋಟದ ಆಟಗಾರನೊಬ್ಬನ ಮುಖಕ್ಕೆ ತಗುಲಿತು. ಗಡಿಯಾರ ನಿಂತಿದ್ದ ಹೊತ್ತು ಅದು, ದಂಡವೇನೂ ಬೀಳಲಿಲ್ಲ. ಆಟ ಮುಗಿಯಲು ೩೬ ಸೆಕೆಂಡು ಉಳಿದಿದ್ದು ಓಹಾಯೋ ೫೦, ಮಿನೆಸೋಟ ೪೪ ಎಂದಿದ್ದಾಗ, ಬುಟ್ಟಿಯತ್ತ ನುಗ್ಗಿದ ವಿಟ್ಟಿಯನ್ನು ಒರಟಾಗಿ ಕೆಡವಿದರು. ಕೆಡವಿದವನನ್ನು ಅಧಿಕಾರಿಗಳು ಹೊರಗೆ ಕಳುಹಿಸಿದರು. ಆಗ ಕಾರ್ಕಿ ಟೇಲರ್ ಎಂಬ ಮಿನೆಸೋಟದ ಆಟಗಾರನು ಬಿದ್ದವನನ್ನು ಎಬ್ಬಿಸುವಂತೆ ಕೈನೀಡಿ, ಮೇಲೆಳೆದು, ಮರ್ಮಸ್ಥಾನಕ್ಕೆ ಮೊಣಕಾಲಿನಿಂದ ಹೊಡೆದನು. ಐದು ಫೌಲುಗಳಾಗಿ ಬೆಂಚಿನಲ್ಲಿ ಕುಳಿತಿದ್ದ ರಾನ್ ಬೆಹೇಗನ್ ಎಂಬವನು ಓಡಿಬಂದು ನೆಲದಲ್ಲಿದ್ದ ವಿಟ್ಟಿಯ ತಲೆಯನ್ನು ತುಳಿದನು. ಪ್ರೇಕ್ಷಕರೂ ಅಂಗಣಕ್ಕೆ ನುಗ್ಗಿದರು. ಪ್ರಜ್ಞೆತಪ್ಪಿದ ವಿಟ್ಟಿಯನ್ನು ಹೊತ್ತು ಆಸ್ಪತ್ರೆಗೆ ಸಾಗಿಸಬೇಕಾಯಿತು. ಪಂದ್ಯ ಅಲ್ಲಿಗೇ ನಿಂತಿತು. ಟೇಲರನೂ ಬೆಹೇಗನನೂ ಆ ವರ್ಷದ ಉಳಿದ ಪಂದ್ಯಗಳಿಗೆಲ್ಲ ಹೊರಗಾದರು.

೨೦೧೧ರ ಡಿಸೆಂಬರ್ ೧೦ರಂದು ಸಿನ್ಸಿನಾಟಿ ನಗರದ ಎರಡು ವಿಶ್ವವಿದ್ಯಾನಿಲಯಗಳಾದ ಝೇವಿಯರ್ ಮತ್ತು ಸಿನ್ಸಿನಾಟಿ ಎದುರುಬದುರಾದುವು. ಆಟದ ಉದ್ದಕ್ಕೂ ಮಾತಿನ ಚುಚ್ಚಾಟ ನಡೆದೇ ಇದ್ದಿತು. ಝೇವಿಯರ್ ೭೬, ಸಿನ್ಸಿನಾಟಿ ೫೩, ಉಳಿದುದು ೯.೪ ಸೆಕೆಂಡು. ಗೆಲ್ಲುತ್ತಿದ್ದ ತಂಡದ ಒಬ್ಬನು ಎದುರು ಬೆಂಚಿನತ್ತ ತಿರುಗಿ ಮಾತನಾಡಿದನು. ಅದರಿಂದ ತಳ್ಳಾಟ, ತಳ್ಳಾಟದಿಂದ ಗುದ್ದು, ಗುದ್ದಿನಿಂದ ದೊಂಬಿ. ಎರಡು ಕಡೆಯವರೂ ಸೇರಿ ಎಂಟು ಮಂದಿ ಆಟಗಾರರು ಮುಂದಿನ ಪಂದ್ಯಗಳಿಗೆ ಬಹಿಷ್ಕೃತರಾದರು.

೨೦೨೦ರ ಜನವರಿ ೨೧ರಂದು ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ನಡೆದುದು ಇನ್ನೂ ಮನಸ್ಸಿಗೆ ನಾಟುವಂಥದು. ನೇಸ್ಮಿತ್ ಮಹನೀಯರು ೧೮೯೮ರಲ್ಲಿ ಹೋಗಿ ನೆಲಸಿದ ವಿದ್ಯಾಪೀಠವದು; ಅಲ್ಲಿಯ ಆಟದ ಅಂಗಣಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ. ಕ್ಯಾನ್ಸಸ್ ತಂಡವು ಇಪ್ಪತ್ತಕ್ಕೂ ಹೆಚ್ಚು ಅಂಕಗಳಿಂದ ಮುಂದಿದ್ದು, ಕೊನೆಯ ಸೆಕೆಂಡುಗಳನ್ನು ಕಳೆಯುತ್ತಿದ್ದಿತು. ಎದುರಾಳಿಯೊಬ್ಬನು ಚೆಂಡನ್ನು ಕಸಿದು ಬುಟ್ಟಿಗೆ ಓಡಿದನು. ಚೆಂಡು ಕಳೆದುಕೊಂಡ ಸಿಲ್ವಿಯೋ ಡಿ ಸೂಸ ಎಂಬವನು ಅಟ್ಟಿಹೋಗಿ ಆ ಎಸೆತವನ್ನು ತಡೆದು, ಬಿದ್ದವನ ಮೇಲೆ ನಿಂತು ಹಂಗಿಸಿದನು. ಮರುಕ್ಷಣ ಎರಡು ಬೆಂಚುಗಳೂ ಖಾಲಿ. ಹೊಡೆದಾಟವು ಅಂಗವಿಕಲ ಪ್ರೇಕ್ಷಕರಿಗೆಂದು ಮೀಸಲಾದ ಎಡೆಯವರೆಗೆ ಉರುಳಿತು. ಡಿ ಸೂಸನ ಕೈಯಲ್ಲಿ ಒಂದು ಸ್ಟೂಲು ಮೇಲೆದ್ದಿತು. ಅವನಿಗೆ ಹನ್ನೆರಡು ಪಂದ್ಯಗಳ ಬಹಿಷ್ಕಾರವಾಯಿತು.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ತೋರುತ್ತದೆ. ಮೂರೂ ಸ್ಫೋಟಗಳು ಕೊನೆಯ ನಿಮಿಷದಲ್ಲಿ ಆದುವು. ಸೋಲುಗೆಲವು ಪ್ರಾಯಶಃ ತೀರ್ಮಾನವಾಗಿದ್ದಾಗ ಆದುವು. ಆಟ ಬಿಗಿಯಾಗಿದ್ದಾಗ ಹುಡುಗನ ಸಿಟ್ಟಿಗೆ ಚೆಂಡೆಂಬ ಕೆಲಸವಿರುತ್ತದೆ. ಆಟ ಕೈಬಿಟ್ಟಮೇಲೆ ಆ ಸಿಟ್ಟು ನಿರುದ್ಯೋಗಿಯಾಗುತ್ತದೆ. ರೆಫರಿಯ ಮನಸ್ಸೋ, ಅದೇ ಹೊತ್ತಿಗೆ ‘ಇನ್ನೇನು, ಮುಗಿಯಿತು’ ಎಂದು ಸಡಿಲಗೊಳ್ಳುತ್ತದೆ. ಅಂಕಗಳ ಲೆಕ್ಕ ಮುಗಿದಾಗಲೇ ಮನುಷ್ಯರ ಲೆಕ್ಕ ಆರಂಭವಾಗುತ್ತದೆಂಬುದನ್ನು ಅವನು ಮರೆಯಕೂಡದು. ಹಾಗೆಯೇ ಸೀಟಿ ಊದಿದ ಕೂಡಲೆ ಚೆಂಡು ಸತ್ತಿತೆನ್ನುತ್ತಾರೆ; ಆದರೆ ಆಟಗಾರರು ಬದುಕೇ ಇರುತ್ತಾರೆ. ಆ ಎರಡು ಮೂರು ಗಳಿಗೆ ಕಣ್ಣನ್ನು ಚೆಂಡಿನಿಂದ ಕಿತ್ತು ಮುಖಗಳ ಮೇಲಿಡುವವನೇ ನಿಜವಾದ ರೆಫರಿ.

ನಮ್ಮ ಪುರಾಣದಲ್ಲಿಯೂ ಇಂಥ ಪಂದ್ಯವೊಂದುಂಟು. ಗದಾಯುದ್ಧದ ಕಡೆಯಲ್ಲಿ ಭೀಮನು ನಿಯಮವನ್ನು ಮೀರಿ ದುರ್ಯೋಧನನ ತೊಡೆಗೆ ಹೊಡೆದನು. ಬಿದ್ದವನ ತಲೆಯನ್ನು ಕಾಲಿಂದ ಒದ್ದನು. ನೋಡುತ್ತ ಕುಳಿತಿದ್ದ ಬಲರಾಮನು ಇಬ್ಬರಿಗೂ ಗದಾವಿದ್ಯೆಯ ಗುರು; ನಿಯಮವನ್ನು ಅವನಿಗಿಂತ ಬಲ್ಲವರಿಲ್ಲ. ಅವನೇನು ಮಾಡಿದನು? ನೇಗಿಲನ್ನೆತ್ತಿಕೊಂಡು ಭೀಮನನ್ನು ಕೊಲ್ಲಲು ಎದ್ದನು. ಕೃಷ್ಣನು ತಡೆಯಬೇಕಾಯಿತು. ಬಲರಾಮನ ಸಿಟ್ಟು ಧರ್ಮದ ಸಿಟ್ಟೇ. ಆದರೆ ಹೊತ್ತು ಮೀರಿ ಬಂದಿತು, ಅಳತೆ ಮೀರಿ ಬಂದಿತು. ಅನೇಕ ರೆಫರಿಗಳ ನಡೆ ಹೀಗೆಯೇ. ಮೊದಲು ಬಹುಕಾಲ ಸುಮ್ಮನಿರುತ್ತಾರೆ; ಅನಂತರ ನೇಗಿಲನ್ನೇ ಎತ್ತುತ್ತಾರೆ. ಸಣ್ಣ ದಂಡವನ್ನು ಸಕಾಲದಲ್ಲಿ ಕೊಡುವ ಧೈರ್ಯವಿಲ್ಲದವನೇ ದೊಡ್ಡ ದಂಡವನ್ನು ಅಕಾಲದಲ್ಲಿ ಕೊಡುತ್ತಾನೆ.

ಹಾಗಾದರೆ ಕ್ರಮವೇನು? ಮೊದಲನೆಯದು ಮಾತು. ಅದೂ ಮೆಲುಮಾತು, ಜನಕ್ಕೆ ಕೇಳಿಸದ ಮಾತು. ನೂರಾರು ಜನರ ಮುಂದೆ ಬೈಸಿಕೊಂಡ ಹುಡುಗನು ತಿದ್ದಿಕೊಳ್ಳುವುದಿಲ್ಲ. ಮಾನ ಉಳಿಸಿಕೊಳ್ಳಲು ಮತ್ತಷ್ಟು ಸೆಟೆಯುತ್ತಾನೆ. ಎರಡನೆಯದು ದಂಡ. ಒಮ್ಮೆ ಎಚ್ಚರಿಸಿದಮೇಲೆ ಮತ್ತೆ ಎಚ್ಚರಿಸುವುದು ಎಚ್ಚರಿಕೆಯಲ್ಲ, ಬೇಡಿಕೆ. ಆಗ ಟೆಕ್ನಿಕಲ್ ಫೌಲನ್ನು, ಸ್ಕೋರ್ ಬೋರ್ಡನ್ನಾಗಲಿ ಗಡಿಯಾರವನ್ನಾಗಲಿ ನೋಡದೆ, ಕೊಡಬೇಕು. ಮೂರನೆಯದು ಸಮತೂಕದ ಮೋಹವನ್ನು ಬಿಡುವುದು. ಒಬ್ಬನು ಕೆಣಕಿ ಇನ್ನೊಬ್ಬನು ಸಹಿಸಿಕೊಂಡಿದ್ದರೆ, ಗಲಾಟೆ ಬೇಡವೆಂದು ಇಬ್ಬರಿಗೂ ಒಂದೊಂದು ಫೌಲು ಹಂಚುವುದು ನ್ಯಾಯವಲ್ಲ, ಪಂಕ್ತಿಯಲ್ಲಿ ಪಾಯಸ ಬಡಿಸುವಿಕೆ.

ಕಡೆಯದು, ರೆಫರಿಯು ತನ್ನ ಅಹಂಕಾರವನ್ನು ಅಂಗಣದ ಹೊರಗಿಟ್ಟು ಬರುವುದು. ತನ್ನನ್ನು ಕುರಿತು ಗೊಣಗಿದ ಮಾತಿಗೆ ಕಿವಿ ತುಸು ಮಂದವಾಗಿರಲಿ; ಇನ್ನೊಬ್ಬ ಆಟಗಾರನನ್ನು ಕುರಿತು ಆಡಿದ ಮಾತಿಗೆ ಚುರುಕಾಗಿರಲಿ. ನಾನು ಕಂಡಂತೆ ಹಲವರಲ್ಲಿ ಇದು ತಿರುಗುಮುರುಗಾಗಿರುತ್ತದೆ.

ನಮ್ಮ ಜಿಲ್ಲೆಯ ಒಂದು ಅಂತರಕಾಲೇಜು ಪಂದ್ಯದ ನೆನಪು ಬರುತ್ತದೆ. ಕೊನೆಯ ಸುತ್ತಿನ ಆಟ; ಎರಡೂ ಕಡೆ ಅಂಕ ಸಮ; ಗೆರೆಯ ಮೇಲೆಯೇ ಹುಡುಗರು ಒತ್ತಿ ಕುಳಿತಿದ್ದರು. ಒಬ್ಬ ಆಟಗಾರನು ತನ್ನ ಎದುರಾಳಿಯ ಹತ್ತಿರ ಬಂದಾಗಲೆಲ್ಲ ಮೆಲ್ಲನೆ, “ನಿಮ್ಮಪ್ಪ ಮಂಡಿಯಲ್ಲಿ ಮೂಟೆ ಹೊರೋನಲ್ಲವೇನೋ? ಈ ಸೋಲನ್ನೂ ಹೊತ್ತುಕೊಂಡು ಹೋಗು” ಎನ್ನುತ್ತಿದ್ದನು. ಚೆಂಡು ಹೊರಗೆ ಹೋದಾಗ ನಾನು ಅವನ ಪಕ್ಕದಲ್ಲಿ ನಡೆಯುತ್ತ, “ಅಪ್ಪಯ್ಯಾ, ನಿನ್ನ ಮಾತು ನನಗೂ ಕೇಳಿಸುತ್ತಿದೆ” ಎಂದಷ್ಟೇ ಹೇಳಿದೆನು. ಎರಡು ನಿಮಿಷ ಸುಮ್ಮನಿದ್ದು ಮತ್ತೆ ಆರಂಭಿಸಿದನು. ಸೀಟಿ ಊದಿ ಟೆಕ್ನಿಕಲ್ ಫೌಲನ್ನು ಕೊಟ್ಟೆನು. ಅವನ ಕಾಲೇಜಿನ ಹುಡುಗರ ಕೂಗು ಮುಗಿಲಿಗೇರಿತು. ಅವರ ಡ್ರಿಲ್ ಮೇಷ್ಟರು ಎದ್ದುಬಂದು, “ಏನು ಸ್ವಾಮೀ, ಬಾಯಿ ಬಿಟ್ಟರೂ ಫೌಲೇ?” ಎಂದರು. “ಏನು ಹೇಳಿದನೆಂದು ಅವನನ್ನೇ ಕೇಳಿ, ಮೇಷ್ಟ್ರೇ; ನನ್ನ ಬಾಯಲ್ಲಿ ಬರುವಂಥ ಮಾತಲ್ಲ” ಎಂದೆನು. ಅವರು ಕೇಳಿದರು. ಹುಡುಗನು ತಲೆ ತಗ್ಗಿಸಿದನು. ಆ ಪುಣ್ಯಾತ್ಮರು ಮತ್ತೊಂದು ಮಾತನಾಡದೆ ತಾವೇ ಅವನನ್ನು ಕರೆದು ಬೆಂಚಿನಲ್ಲಿ ಕೂರಿಸಿದರು.

ಆಟ ಮುಗಿದಮೇಲೆ ಅನ್ನಿಸಿಕೊಂಡ ಹುಡುಗನು ನನ್ನ ಬಳಿಗೆ ಬಂದು, “ಸಾರ್, ಇನ್ನೊಂದು ಸಲ ಅಂದಿದ್ದರೆ ಹೊಡೆದುಬಿಡುತ್ತಿದ್ದೆ” ಎಂದನು. ಹೊಡೆದಿದ್ದರೆ ಹೊರಗೆ ಹೋಗಬೇಕಾದವನು ಅವನೇ. ಕೆಣಕಿದ ಮಾತು ಗಾಳಿಯಲ್ಲಿ ಕರಗಿರುತ್ತದೆ. ಎತ್ತಿದ ಕೈ ಎಲ್ಲರಿಗೂ ಕಾಣುತ್ತದೆ. ಎರಡನೆಯ ತಪ್ಪುಗಾರನೇ ಯಾವಾಗಲೂ ಸಿಕ್ಕಿಬೀಳುವವನು. ಮೂಟೆ ಹೊತ್ತು ಮಗನನ್ನು ಕಾಲೇಜಿಗೆ ಕಳುಹಿಸಿದ ತಂದೆಗೆ ಆ ದಿನದ ಕಾಗದ ಹೇಗಿರುತ್ತಿತ್ತೆಂಬುದನ್ನು ನೆನೆದರೆ, ಕೆಣಕುವಿಕೆಯನ್ನು ಮೊದಲೇ ತಡೆಯುವುದು ಕೆಣಕಿಸಿಕೊಂಡವನಿಗೆ ಎಷ್ಟು ದೊಡ್ಡ ರಕ್ಷಣೆಯೆಂಬುದು ತಿಳಿಯುತ್ತದೆ.

ಎಲ್ಲ ಮೇಷ್ಟರುಗಳೂ ಅವರಂತಿರುವುದಿಲ್ಲ. ೧೯೮೫ರ ಫೆಬ್ರವರಿ ೨೩ರಂದು ಇಂಡಿಯಾನ ವಿಶ್ವವಿದ್ಯಾನಿಲಯದ ಪ್ರಖ್ಯಾತ ಕೋಚ್ ಬಾಬ್ ನೈಟ್ ಅವರು, ಪರ್ಡ್ಯೂ ತಂಡದ ಮೇಲಿನ ಪಂದ್ಯ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ, ತೀರ್ಪಿನ ಮೇಲಿನ ಕೋಪಕ್ಕೆ ಟೆಕ್ನಿಕಲ್ ಫೌಲು ಪಡೆದು, ಎದುರಾಳಿಯು ಫ್ರೀ ಥ್ರೋ ಎಸೆಯಲು ನಿಂತಿದ್ದಾಗ ಕುರ್ಚಿಯೊಂದನ್ನೆತ್ತಿ ಅಂಗಣದ ಉದ್ದಕ್ಕೆ ಎಸೆದರು. ಅಧಿಕಾರಿಗಳು ಅವರನ್ನು ಹೊರಗೆ ಕಳುಹಿಸಿಯೇ ಆಟವನ್ನು ಮುಂದುವರಿಸಿದರು. ೨೦೨೨ರ ಫೆಬ್ರವರಿ ೨೦ರಂದು ವಿಸ್ಕಾನ್ಸಿನ್ ತಂಡಕ್ಕೆ ಸೋತ ಮಿಷಿಗನ್ನಿನ ಕೋಚ್ ಜುವಾನ್ ಹವರ್ಡ್ ಅವರು, ಆಟ ಮುಗಿದು ಕೈಕುಲುಕುವ ಸಾಲಿನಲ್ಲಿ, ಎದುರುತಂಡದ ಸಹಾಯಕನ ತಲೆಗೆ ಕೈಬೀಸಿದರು. ಐದು ಪಂದ್ಯಗಳ ಬಹಿಷ್ಕಾರವೂ ೪೦,೦೦೦ ಡಾಲರುಗಳ ಜುಲ್ಮಾನೆಯೂ ವಿಧಿಸಲ್ಪಟ್ಟುವು. ವಯಸ್ಸಿನಲ್ಲಿಯೂ ಕೀರ್ತಿಯಲ್ಲಿಯೂ ದೊಡ್ಡವರನ್ನು ದಂಡಿಸುವುದು ರೆಫರಿಗೆ ಕಷ್ಟ. ನಮ್ಮ ದೇಶದಲ್ಲಂತೂ ಮತ್ತಷ್ಟು ಕಷ್ಟ. ಆದರೆ ಹುಡುಗರು ಬೆಂಚಿನತ್ತ ನೋಡಿಯೇ ನಡತೆ ಕಲಿಯುತ್ತಾರೆ. ಗುರುವನ್ನು ಬಿಟ್ಟು ಶಿಷ್ಯನನ್ನು ಹಿಡಿಯುವುದು ಬೇರಿಗೆ ಬಿಸಿನೀರೆರೆದು ಎಲೆ ಬಾಡಿತೆಂದು ಗದರಿಸಿದಂತೆ.

‘ಕೊನೆಯ ಗಳಿಗೆಯಲ್ಲಿ ದಂಡ ಕೊಟ್ಟರೆ ಪಂದ್ಯವನ್ನು ರೆಫರಿಯೇ ತೀರ್ಮಾನಿಸಿದಂತಾಯಿತಲ್ಲ’ ಎಂದು ಆಕ್ಷೇಪಿಸುವವರುಂಟು. ಇದಕ್ಕೆ ನನ್ನ ಉತ್ತರ ೧೯೯೩ರ ಏಪ್ರಿಲ್ ೫ರಂದು ನಡೆದ ಅಮೆರಿಕದ ಕಾಲೇಜುಗಳ ಅಂತಿಮ ಪಂದ್ಯದಲ್ಲಿದೆ. ಮಿಷಿಗನ್ ತಂಡವು ನಾರ್ತ್ ಕ್ಯಾರೊಲಿನಕ್ಕಿಂತ ಎರಡೇ ಅಂಕ ಹಿಂದಿದ್ದಿತು. ಉಳಿದುದು ಹನ್ನೊಂದು ಸೆಕೆಂಡು. ಕ್ರಿಸ್ ವೆಬರ್ ಎಂಬ ತರುಣನು, ತನ್ನ ತಂಡದ ಟೈಮ್ ಔಟುಗಳೆಲ್ಲ ತೀರಿದ್ದುವೆಂಬುದನ್ನು ಮರೆತು, ಮತ್ತೊಂದನ್ನು ಕೇಳಿದನು. ನಿಯಮದಂತೆ ಟೆಕ್ನಿಕಲ್ ಫೌಲಾಯಿತು, ಪಂದ್ಯ ಹೋಯಿತು. ಯಾರನ್ನೂ ನೋಯಿಸದ, ಬರಿಯ ಮರವೆಯ ತಪ್ಪಿಗೇ ನಿಯಮವು ಗಡಿಯಾರದ ಮುಖ ನೋಡಲಿಲ್ಲ. ಹೀಗಿರಲು, ಮನುಷ್ಯನನ್ನು ಹೀನಾಯಗೊಳಿಸುವ ಬುದ್ಧಿಪೂರ್ವಕವಾದ ತಪ್ಪಿಗೆ ಏಕೆ ನೋಡಬೇಕು? ಪಂದ್ಯವನ್ನು ತೀರ್ಮಾನಿಸಿದವನು ದಂಡ ಕೊಟ್ಟವನಲ್ಲ, ತಪ್ಪು ಮಾಡಿದವನು.

ಅಮೆರಿಕದ ಕಾಲೇಜು ನಿಯಮಗಳಲ್ಲಿ ಈಗ ಹೊಡೆದಾಡಿದವನು ಆ ಪಂದ್ಯದಿಂದ ಹೊರಗೆ ಹೋಗುವುದಲ್ಲದೆ ಮುಂದಿನ ಪಂದ್ಯವನ್ನೂ ಕಳೆದುಕೊಳ್ಳುತ್ತಾನೆ. ಎರಡನೆಯ ಸಲ ಹೊಡೆದಾಡಿದರೆ ಆ ವರ್ಷವೇ ಮುಗಿಯಿತು. ಹೊಡೆದವರಾರೆಂದು ಚಿತ್ರಯಂತ್ರದಲ್ಲಿ ಮತ್ತೆ ನೋಡಿ ನಿರ್ಣಯಿಸಲೂ ಅವಕಾಶವುಂಟು. ಇವೆಲ್ಲ ಒಳ್ಳೆಯವೇ. ಆದರೆ ಯಂತ್ರವು ಹೊಡೆತವನ್ನು ತೋರಿಸಬಲ್ಲುದೇ ಹೊರತು ಹೊಡೆತಕ್ಕೆ ಮುಂಚೆ ಕಿವಿಯಲ್ಲಿ ಬಿದ್ದ ಮಾತನ್ನು ಹೇಳಲಾರದು. ಅದಕ್ಕೆ ಹತ್ತಿರ ನಿಂತ ಮನುಷ್ಯನೇ ಬೇಕು.

ಮಿನಿಯಾಪೊಲಿಸಿನ ಕಥೆಗೆ ಒಂದು ಉತ್ತರಭಾಗವುಂಟು. ಹಲವು ವರ್ಷಗಳ ಮೇಲೆ ಕಾರ್ಕಿ ಟೇಲರ್ ಲ್ಯೂಕ್ ವಿಟ್ಟಿಗೆ ಪತ್ರ ಬರೆದನು. ಅಷ್ಟು ಹೊತ್ತಿಗೆ ವಿಟ್ಟಿ ಕ್ರೈಸ್ತ ಪಾದ್ರಿಯ ವೃತ್ತಿಯನ್ನು ಹಿಡಿದಿದ್ದವನೋ, ಆಮೇಲೆ ಹಿಡಿದವನೋ, ಅದು ಇಲ್ಲಿ ಮುಖ್ಯವಲ್ಲ. ಅವನು ಉತ್ತರ ಬರೆದನು, ಇಬ್ಬರೂ ಭೇಟಿಯಾದರು, ಸ್ನೇಹಿತರಾದರು. ೨೦೧೨ರಲ್ಲಿ ಟೇಲರ್ ತೀರಿಕೊಂಡನು. ಓದಿದಾಗ ಸಂತೋಷವೂ ಆಗುತ್ತದೆ, ನಿಟ್ಟುಸಿರೂ ಬರುತ್ತದೆ. ಇಬ್ಬರೂ ಒಳ್ಳೆಯವರೇ ಆಗಿದ್ದರೆಂಬುದಕ್ಕೆ ಆ ಸ್ನೇಹವೇ ಪ್ರಮಾಣ. ಒಳ್ಳೆಯ ಹುಡುಗರೇ ಒಂದು ಕೆಟ್ಟ ಗಳಿಗೆಯಲ್ಲಿ ಕೈಮೀರಿ ಹೋಗುತ್ತಾರೆ. ಆ ಗಳಿಗೆಯ ಹೆಸರು ಅವರಿಗೆ ಬಾಳಿನುದ್ದಕ್ಕೂ ಅಂಟಿಕೊಳ್ಳುತ್ತದೆ. ಅಂಗಣದ ಮೇಲಿರುವವರು ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಗಳು. ಅವರ ಮೇಲಣ ಕೋಪದಿಂದಲ್ಲ, ಆ ಗಳಿಗೆ ಅವರಿಗೆ ಬಾರದಿರಲೆಂಬ ಕಳಕಳಿಯಿಂದ ರೆಫರಿಯು ಸೀಟಿಯನ್ನು ತುಟಿಗೆ ತರಬೇಕು. ತರುವುದಾದರೆ ಬೇಗನೆ ತರಬೇಕು.